ರಂಗೋಲಿ ಕೆಳಗೆ ನುಸುಳುವವನಿಗೆ ಅದೃಶ್ಯದ ಹಂಗೇಕೆ?

ಕಳ್ಳನಿಗೆ ಅದೃಶ್ಯನಾಗುವ ವರ ಕೊಟ್ಟರೆ ಅವನ ಕಸುಬನ್ನು ಕಸಿದುಕೊಂಡ ಹಾಗೆ. ಯಾರ ಕಣ್ಣಿಗೂ ಬೀಳದವನು ಗೋಡೆ ಅಳೆಯಬೇಕಿಲ್ಲ, ನಾಯಿಯ ಹೆಸರು ತಿಳಿದಿರಬೇಕಿಲ್ಲ, ಕಾವಲುಗಾರ ಎಷ್ಟು ಹೊತ್ತಿಗೆ ತೂಕಡಿಸುತ್ತಾನೆಂದು ಕಾದು ಕೂರಬೇಕಿಲ್ಲ. ಸುಮ್ಮನೆ ಒಳಗೆ ನಡೆದುಹೋದರಾಯಿತು. ಅದನ್ನು ಕಳ್ಳತನ ಅನ್ನುವುದಕ್ಕಿಂತ ವಾಯುವಿಹಾರ ಅನ್ನುವುದು ಮೇಲು. ಕಥೆ ಹೇಳುವವರಿಗೆ ಇದು ಎಂದಿನಿಂದಲೂ ಗೊತ್ತು. ಆಟ ಕಟ್ಟುವವರಿಗೆ ಮಾತ್ರ ಐವತ್ತು ವರ್ಷ ಕಳೆದರೂ ಹೊಳೆದಂತಿಲ್ಲ.

ನಾನು ಹೇಳುತ್ತಿರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ಬಗ್ಗೆ. ಆಡದವರಿಗಾಗಿ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಿಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟ ಇದು. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಡಂಜನ್ ಮಾಸ್ಟರ್ ಎನ್ನಿಸಿಕೊಂಡವರು ಉಳಿದ ಲೋಕವನ್ನೆಲ್ಲ ನಡೆಸುತ್ತಾರೆ. ಮುಂದೇನಾಗುತ್ತದೆಂದು ಖಚಿತವಿಲ್ಲದ ಕಡೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ತೀರಾ ಅಪರಿಚಿತವಲ್ಲ. ಅಲ್ಲಿ ಪ್ರಸಂಗ ಗೊತ್ತಿರುತ್ತದೆ, ಮಾತು ಮಾತ್ರ ಆ ರಾತ್ರಿಯದು. ಇಲ್ಲಿ ಪ್ರಸಂಗದ ಕೊನೆಯೂ ಆ ರಾತ್ರಿಯದೇ.

ಪ್ರತಿ ಪಾತ್ರಕ್ಕೂ ಒಂದು ಕ್ಲಾಸ್ ಇರುತ್ತದೆ: ಯೋಧ, ಮಾಂತ್ರಿಕ, ಪುರೋಹಿತ, ಹೀಗೆ. ಕ್ಲಾಸಿನೊಳಗೆ ಸಬ್‌ಕ್ಲಾಸ್. ಕಳ್ಳನ ಕ್ಲಾಸಿಗೆ ಈಗಿನ ಹೆಸರು ‘ರೋಗ್’. ಕನ್ನಡದಲ್ಲಿ ಬರೆದರೆ ಕಾಯಿಲೆಯಂತೆ ಕೇಳುವುದರಿಂದ ನಾನು ಕಳ್ಳ ಎಂದೇ ಕರೆಯುತ್ತೇನೆ. 1975ರ ‘ಗ್ರೇಹಾಕ್’ ಪುರವಣಿಯಲ್ಲಿ ಮೊದಲು ಅಚ್ಚಾದಾಗ ಅದರ ಹೆಸರೂ ‘ಥೀಫ್’ ಎಂದೇ ಇತ್ತು. ಆಡುವವರು ತಮ್ಮದೇ ಸಬ್‌ಕ್ಲಾಸ್ ಬರೆದುಕೊಳ್ಳುವುದು ಈ ಆಟದ ದೊಡ್ಡ ಸುಖ. ಹಾಗೆ ಬರೆಯುವವರಿಗೆಲ್ಲ ಬಲು ಪ್ರಿಯವಾದದ್ದು ಅಡಗುವುದನ್ನೇ ಕಸುಬು ಮಾಡಿಕೊಂಡ ಕಳ್ಳ. ಪಾಕವಿಧಾನವೂ ಹೆಚ್ಚುಕಡಿಮೆ ಒಂದೇ: ಅಡಗುವ ದಾಳಕ್ಕೆ ಒಂದಿಷ್ಟು ಹೆಚ್ಚುವರಿ ಅಂಕ, ನೆರಳಿನಿಂದ ನೆರಳಿಗೆ ಹಾರುವ ಮಾಯೆ, ದಿನಕ್ಕಿಷ್ಟು ಸಲ ಅದೃಶ್ಯ, ಕೊನೆಗೆ ಕತ್ತಲಿಂದ ಹೊರಬಿದ್ದು ಹೊಡೆಯುವ ಒಂದು ಭಯಂಕರ ಏಟು. ನನ್ನ ತಕರಾರು ಈ ಪಾಕದ ಮೇಲೆ.

ಸಾಹಿತ್ಯದ ಓದುಗರಿಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ನಿಯಮವೂ ಒಂದು ಬರವಣಿಗೆ. ಕಾದಂಬರಿಯ ವಾಕ್ಯ ಒಂದು ಕಥೆಯನ್ನು ಹೇಳಿದರೆ, ಆಟದ ನಿಯಮ ಎಂಥ ಕಥೆಗಳು ಹುಟ್ಟಬಹುದು, ಎಂಥವು ಹುಟ್ಟಲಾರವು ಎಂದು ಮೊದಲೇ ತೀರ್ಮಾನಿಸಿಬಿಡುತ್ತದೆ. ಕೆಟ್ಟ ವಾಕ್ಯವನ್ನು ಬಿಡದೆ ಜಾಲಾಡುವ ನಾವು ಕೆಟ್ಟ ನಿಯಮವನ್ನು ಏಕೆ ಬಿಡಬೇಕು?

ಇತಿಹಾಸದಿಂದಲೇ ಶುರುಮಾಡೋಣ. 1974ರ ಮೂಲ ಆಟದಲ್ಲಿ ಕ್ಲಾಸುಗಳು ಮೂರೇ, ಕಳ್ಳ ಇರಲಿಲ್ಲ. ಆದರೆ ಅಡಗುವುದು ಇತ್ತು. ‘ನಾನು ಪೀಪಾಯಿ ಹಿಂದೆ ಕೂತು ದೀಪ ಮುಚ್ಚುತ್ತೇನೆ’ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಪೀಪಾಯಿ ಎಷ್ಟು ದೊಡ್ಡದು, ಬರುತ್ತಿರುವವರ ಕೈಯಲ್ಲಿ ಪಂಜು ಇದೆಯೇ ಎಂಬ ಮಾತುಕತೆ ನಡೆದು ಫಲ ತೀರ್ಮಾನವಾಗುತ್ತಿತ್ತು. ಮರುವರ್ಷ ಕಳ್ಳ ಬಂದ, ಬರುವಾಗ ಶೇಕಡಾವಾರು ಪಟ್ಟಿ ಹಿಡಿದುಕೊಂಡು ಬಂದ. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ತೆಗೆದು ನೋಡಿ. ಮೊದಲ ಹಂತದ ಕಳ್ಳನಿಗೆ ನೆರಳಲ್ಲಿ ಅಡಗುವ ಸಾಧ್ಯತೆ ನೂರಕ್ಕೆ 10, ಸದ್ದಿಲ್ಲದೆ ನಡೆಯುವುದು ನೂರಕ್ಕೆ 15. ಅಂದರೆ ಕಸುಬುದಾರನೇ ಹತ್ತರಲ್ಲಿ ಒಂಬತ್ತು ಸಲ ಸಿಕ್ಕಿಬೀಳುತ್ತಾನೆ. ಆದರೆ ಪಟ್ಟಿ ಅವನ ಹೆಸರಿನಲ್ಲಿರುವುದರಿಂದ ಪಟ್ಟಿಯೇ ಇಲ್ಲದ ಯೋಧ ಅಡಗುತ್ತೇನೆ ಎಂದರೆ ಮೇಜಿನ ಸುತ್ತ ಹುಬ್ಬು ಏರತೊಡಗಿತು. ಎಲ್ಲರ ಬಾಯಲ್ಲಿದ್ದ ಮಾತು ಒಬ್ಬನ ಗುತ್ತಿಗೆಯಾಯಿತು. ಆ ಒಬ್ಬನಿಗೂ ದಕ್ಕಲಿಲ್ಲ.

ಈಗ ಇನ್ನೊಂದು ತುದಿಗೆ ಬನ್ನಿ. 2014ರ ಐದನೇ ಆವೃತ್ತಿಯಲ್ಲಿ ಒಬ್ಬ ಸಾಮಾನ್ಯ ಕಾವಲುಗಾರನ ಗಮನದ ಅಂಕ 12. ಅಡಗುವವನ ದಾಳವೂ ಅವನ ನೈಪುಣ್ಯವೂ ಸೇರಿ ಅಷ್ಟನ್ನು ಮುಟ್ಟಬೇಕು. ಚುರುಕಾದ ಮೊದಲ ಹಂತದ ಕಳ್ಳನಿಗೆ ಸುಲಭವಾಗಿ 7 ಅಂಕ ಮೊದಲೇ ಇರುತ್ತದೆ. ದಾಳದಲ್ಲಿ 5 ಅಥವಾ ಹೆಚ್ಚು ಬಿದ್ದರೆ ಸಾಕು, ಅಂದರೆ ನೂರಕ್ಕೆ 80. ಚೆನ್ನಾಗಿಯೇ ಇದೆ. ಆದರೆ ಕಾವಲುಗಾರನಿಗೊಂದರಂತೆ ದಾಳ ಉರುಳಿಸುವ ಮೇಜಿನಲ್ಲಿ ಐದು ಜನರನ್ನು ದಾಟಬೇಕೆಂದರೆ ಐದೂ ಸಲ ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 33ಕ್ಕೆ ಇಳಿಯುತ್ತದೆ. ಅದೇ ಕಳ್ಳ 11ನೇ ಹಂತಕ್ಕೆ ಬಂದಾಗ ಏನಾಗುತ್ತದೆ ನೋಡಿ. ಅವನ ಅಂಕ 13ರವರೆಗೆ ಏರಿರುತ್ತದೆ. ಜೊತೆಗೆ ತಾನು ಪಳಗಿದ ಕೆಲಸದಲ್ಲಿ ದಾಳ 10ಕ್ಕಿಂತ ಕಡಿಮೆ ಬಿದ್ದರೂ 10 ಎಂದೇ ಎಣಿಸುವ ಸವಲತ್ತು ಸಿಗುತ್ತದೆ. ಅವನ ಅತ್ಯಂತ ಕೆಟ್ಟ ದಿನದಲ್ಲೂ ಮೊತ್ತ 23. ಎದುರಿಗಿರುವುದು 12. ಕೆಳಗಿನ ಹಂತದಲ್ಲಿ ಜೂಜು, ಮೇಲಿನ ಹಂತದಲ್ಲಿ ಔಪಚಾರಿಕತೆ. ಎರಡರ ನಡುವೆ ಕಥೆ ಎಲ್ಲಿದೆ?

ಹೀಗಿರುವಾಗ ನಮ್ಮ ಉತ್ಸಾಹಿ ವಿನ್ಯಾಸಕರು ಹೊಸ ಸಬ್‌ಕ್ಲಾಸ್ ಬರೆದು ಇನ್ನೂ 5 ಅಂಕ ಕೊಡುತ್ತಾರೆ. ಸಮುದ್ರಕ್ಕೆ ಉಪ್ಪು ಸುರಿದಂತೆ. ಅಷ್ಟಕ್ಕೂ ಆ ಅಂಕಕ್ಕೆ ಕಳ್ಳನೇ ಬೇಕಿಲ್ಲ. ಕಾಡಿನ ಮಂತ್ರ ಬಲ್ಲ ಡ್ರೂಯಿಡ್ ಮೂರನೇ ಹಂತದಲ್ಲೇ ಒಂದು ಮಂತ್ರ ಹಾಕಿ ಸುತ್ತಲಿನ ಜೊತೆಗಾರರಿಗೆಲ್ಲ 10 ಅಂಕ ಹಂಚಬಲ್ಲಳು. ಅಂಕದ ಪೈಪೋಟಿಗೆ ಇಳಿದ ಕಳ್ಳ ಅಲ್ಲೇ ಸೋತ.

2024ರ ಪರಿಷ್ಕರಣೆ ಗೊಂದಲ ಬಿಡಿಸಲು ಹೊರಟಿತು. ಅದರ ಪ್ರಕಾರ ದಟ್ಟ ಕತ್ತಲಲ್ಲೋ ಗಟ್ಟಿ ಮರೆಯ ಹಿಂದೆಯೋ ಶತ್ರುವಿನ ನೋಟದಿಂದ ತಪ್ಪಿಸಿಕೊಂಡು ದಾಳ ಹಾಕಬೇಕು. ಮೊತ್ತ 15 ಮುಟ್ಟಿದರೆ ನಿಮಗೆ ‘ಇನ್ವಿಸಿಬಲ್’ ಎಂಬ ಸ್ಥಿತಿ ಬರುತ್ತದೆ. ಹೌದು, ಪೀಪಾಯಿ ಹಿಂದೆ ಕೂತವನಿಗೂ ಮಾಂತ್ರಿಕನ ಅದೃಶ್ಯ ಮಂತ್ರಕ್ಕೂ ಈಗ ಒಂದೇ ಹಣೆಪಟ್ಟಿ. ಆ ಸ್ಥಿತಿ ಯಾವಾಗ ಮುಗಿಯುತ್ತದೆ ಎಂಬ ಪಟ್ಟಿಯೂ ಇದೆ: ಪಿಸುಮಾತಿಗಿಂತ ಜೋರಾಗಿ ಸದ್ದು ಮಾಡಿದರೆ, ಶತ್ರು ನಿಮ್ಮನ್ನು ಪತ್ತೆ ಮಾಡಿದರೆ, ದಾಳಿ ಮಾಡಿದರೆ, ಬಾಯಿಬಿಟ್ಟು ಹೇಳುವ ಮಂತ್ರ ಹಾಕಿದರೆ. ಪೀಪಾಯಿ ಬಿಟ್ಟು ದೀಪದ ಬೆಳಕಿಗೆ ನಡೆದುಬಂದರೆ ಏನು ಎಂಬುದು ಮಾತ್ರ ಆ ಪಟ್ಟಿಯಲ್ಲಿ ನೇರವಾಗಿ ಇಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಬುದ್ಧಿಯನ್ನೇ ಶಾಸನ ಮಾಡಿ ಬರೆದಂತಾಯಿತು.

ಅಧಿಕೃತ ‘ಅಸ್ಯಾಸಿನ್’ ಸಬ್‌ಕ್ಲಾಸಿನ ಕಥೆ ಇನ್ನೂ ನೋಡುವಂತಿದೆ. 2014ರಲ್ಲಿ ಅವನಿಗೆ 9ನೇ ಹಂತದಲ್ಲಿ ಒಂದು ಒಳ್ಳೆಯ ಸವಲತ್ತಿತ್ತು: 7 ದಿನ, 25 ಚಿನ್ನದ ನಾಣ್ಯ ಖರ್ಚು ಮಾಡಿ ಒಂದು ಪೂರ್ತಿ ಸುಳ್ಳು ಗುರುತನ್ನು ಕಟ್ಟಿಕೊಳ್ಳಬಹುದಿತ್ತು. 13ನೇ ಹಂತದಲ್ಲಿ ಇನ್ನೊಬ್ಬರ ಮಾತು, ಬರಹ, ನಡವಳಿಕೆಯನ್ನು ಮೂರು ಗಂಟೆ ಗಮನಿಸಿ ಅನುಕರಿಸಬಹುದಿತ್ತು. ಗಮನಿಸಿ ಕಲಿಯುವುದು, ಕಾಯುವುದು, ಒಳಸೇರುವುದು, ಇವೆಲ್ಲ ಕಸುಬಿನ ಮಾತು. 2024ರಲ್ಲಿ ಅನುಕರಣೆ 9ನೇ ಹಂತಕ್ಕೆ ಸರಿದು ಕುಗ್ಗಿತು. 13ನೇ ಹಂತದ ಜಾಗಕ್ಕೆ ಆಯುಧಕ್ಕೆ ಸವರುವ ವಿಷ ಬಂತು. ದಿಕ್ಕು ಯಾವುದೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ಅಡಗುವುದು ಈಗ ಹೊಡೆಯುವುದಕ್ಕೆ ಮುನ್ನುಡಿ ಮಾತ್ರ.

ಈ ಆಟ ಯಾವ ಕಥೆಗಳಿಂದ ಹುಟ್ಟಿತೋ ಅವುಗಳಲ್ಲಿ ಹೀಗಿತ್ತೇ? ಗೈಗ್ಯಾಕ್ಸ್ 1979ರ ಪುಸ್ತಕದಲ್ಲಿ ತನಗೆ ಪ್ರೇರಣೆಯಾದ ಲೇಖಕರ ಪಟ್ಟಿ ಕೊಟ್ಟಿದ್ದಾನೆ. ಅದರಲ್ಲಿ ಟೋಲ್ಕಿನ್ ಹೆಸರಿದೆ. 1937ರ ‘ದಿ ಹಾಬಿಟ್’ನಲ್ಲಿ ಬಿಲ್ಬೊನನ್ನು ಕುಬ್ಜರು ಕೂಲಿಗೆ ಕರೆದುಕೊಂಡದ್ದೇ ಕನ್ನಗಳ್ಳನಾಗಿ. ಅವನ ಬೆರಳಲ್ಲಿ ಅದೃಶ್ಯನಾಗಿಸುವ ಉಂಗುರವಿದೆ. ಆದರೂ ಡ್ರ್ಯಾಗನ್ ಸ್ಮಾಗ್ ಮಲಗಿದ್ದ ಗುಹೆಗೆ ಇಳಿದಾಗ ಆ ಉಂಗುರ ಅವನನ್ನು ಕಾಪಾಡಲಿಲ್ಲ. ಸ್ಮಾಗ್ ಅವನ ವಾಸನೆ ಹಿಡಿಯಿತು, ಉಸಿರು ಕೇಳಿತು. ಕಾಣದಿದ್ದವನು ಅಡಗಿರಲಿಲ್ಲ. ಕಾಪಾಡಿದ್ದು ಅವನ ಒಗಟಿನ ಮಾತು, ಹೊಗಳಿಕೆಗೆ ಉಬ್ಬುವ ಡ್ರ್ಯಾಗನ್ನಿನ ಸ್ವಭಾವದ ಅರಿವು. ಮಾತಾಡಿಸುತ್ತಲೇ ಅವನು ಅದರ ಎದೆಯ ಮೇಲೆ ಕವಚವಿಲ್ಲದ ಒಂದು ತೇಪೆ ಜಾಗವನ್ನು ನೋಡಿಕೊಂಡ. ಆ ಸುದ್ದಿ ಒಂದು ಹಕ್ಕಿಯ ಮೂಲಕ ಬಾರ್ಡ್ ಎಂಬ ಬಿಲ್ಲುಗಾರನನ್ನು ಮುಟ್ಟಿತು, ಬಾಣ ಅಲ್ಲಿಗೇ ನಾಟಿತು. ಕೊಂದವನು ಬಿಲ್ಲುಗಾರ, ಕಂಡವನು ಕಳ್ಳ. ಆಟದ ಪುರಾತನ ಕೆಂಪು ಡ್ರ್ಯಾಗನ್ನಿಗೂ 60 ಅಡಿ ದೂರದವರೆಗೆ ಕಣ್ಣಿನ ನೆರವಿಲ್ಲದೆ ಗ್ರಹಿಸುವ ಶಕ್ತಿ ಇದೆ. ಅದರ ಮುಂದೆ ಅದೃಶ್ಯನಾಗುವ ಕಳ್ಳ ನಿಷ್ಪ್ರಯೋಜಕ. ಅದನ್ನು ಓದಬಲ್ಲ ಕಳ್ಳನಿಗೆ ಮಾತ್ರ ಅಲ್ಲಿ ಕೆಲಸವಿದೆ.

ನಮ್ಮ ಕಡೆಯ ಕಳ್ಳರ ಸಾಕ್ಷಿಯೂ ಇದೇ. ಶೂದ್ರಕನ ‘ಮೃಚ್ಛಕಟಿಕ’ದ ಮೂರನೇ ಅಂಕದಲ್ಲಿ ಶರ್ವಿಲಕ ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಸ್ವಾರಸ್ಯವೆಂದರೆ ಅವನ ಬಳಿಯೂ ಕಾವಲಿನವರ ಕಣ್ಣಿಗೆ ಬೀಳದಂತೆ ಮಾಡುವ ಮಾಂತ್ರಿಕ ಲೇಪವಿದೆ. ಹಚ್ಚಿಕೊಳ್ಳುತ್ತಾನೆ ಕೂಡ. ಆದರೂ ಏನೇನು ಮಾಡುತ್ತಾನೆ? ಕನ್ನದ ಆಕಾರ ಹೇಗಿರಬೇಕೆಂದು ಶಾಸ್ತ್ರಿಯಂತೆ ಚರ್ಚಿಸುತ್ತಾನೆ. ಅಳತೆಯ ದಾರ ಮರೆತದ್ದಕ್ಕೆ ಜನಿವಾರವನ್ನೇ ಅಳತೆಗೋಲು ಮಾಡಿಕೊಳ್ಳುತ್ತಾನೆ. ಬಾಗಿಲು ಕಿರುಗುಟ್ಟದಿರಲೆಂದು ನೀರು ಚಿಮುಕಿಸುತ್ತಾನೆ. ಮಲಗಿದವರು ನಿಜವಾಗಿ ಮಲಗಿದ್ದಾರೋ ನಟಿಸುತ್ತಿದ್ದಾರೋ ಎಂದು ಪರೀಕ್ಷಿಸುತ್ತಾನೆ. ದೀಪ ಆರಿಸಲು ಹುಳುವನ್ನು ಬಿಡುತ್ತಾನೆ. ಕೊನೆಗೆ ನಿದ್ದೆಗಣ್ಣಿನಲ್ಲಿ ಕನವರಿಸುವ ಮೈತ್ರೇಯನೇ ಒಡವೆಯ ಗಂಟನ್ನು ಕೈಗೆ ಕೊಟ್ಟುಬಿಡುತ್ತಾನೆ. ನಾಟಕ ಓದಿದವರಿಗೆ ನೆನಪಿರುವುದು ಲೇಪವೋ ಜನಿವಾರವೋ ನೀವೇ ಹೇಳಿ. ದಂಡಿಯ ‘ದಶಕುಮಾರಚರಿತ’ದ ಅಪಹಾರವರ್ಮ ಕಳವಿಗೆ ಹೊರಟಾಗ ಒಯ್ಯುವ ಸಾಮಾನುಗಳಲ್ಲಿ ಅಳತೆಯ ದಾರ, ಮನುಷ್ಯನ ತಲೆಯ ಬೊಂಬೆ, ದುಂಬಿ ತುಂಬಿದ ಕರಡಿಗೆ ಎಲ್ಲ ಇವೆ. ಇಂಥ ಸಾಮಾನಿನ ಪಟ್ಟಿ ಕೊಟ್ಟರೆ ಯಾವ ಮೇಜಿನಲ್ಲಾದರೂ ಒಂದು ಸಂಜೆಯ ಕಥೆ ತಾನಾಗಿ ಹುಟ್ಟುತ್ತದೆ. 5 ಅಂಕ ಕೊಟ್ಟರೆ ಹುಟ್ಟುವುದು ಒಂದು ಸಂಕಲನ ಲೆಕ್ಕ.

ಇಲ್ಲಿ ಇನ್ನೂ ಗಂಭೀರವಾದ ಒಂದು ಮಾತಿದೆ. ಕೋಟೆಯೊಂದರಲ್ಲಿ ಅತಿ ಹೆಚ್ಚು ಬಾಗಿಲು ದಾಟುವವರು ಯಾರು? ನೀರು ಹೊರುವವರು, ದೀಪಕ್ಕೆ ಎಣ್ಣೆ ಹಾಕುವವರು, ಕಸ ಗುಡಿಸುವವರು. ಅವರನ್ನು ಯಾವ ಕಾವಲುಗಾರನೂ ನೋಡುವುದಿಲ್ಲ. ಅವರು ನೆರಳಲ್ಲಿಲ್ಲ, ಹಾಡುಹಗಲಿನಲ್ಲಿ ನಡೆಯುತ್ತಾರೆ. ನೋಡದಿರುವುದನ್ನು ಕಾವಲುಗಾರನಿಗೆ ಅವನ ಸಮಾಜ ಕಲಿಸಿದೆ. ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲಿ ತಟ್ಟೆ ಎತ್ತುವವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರಿಗೆ ಕಾಣದಿರುವುದು ವರವಲ್ಲ, ದಿನನಿತ್ಯದ ಅವಮಾನ. ಕಥೆಯ ಕಳ್ಳ ಎಲ್ಲ ಕಾಲದಲ್ಲೂ ಈ ಬಿರುಕಿನಿಂದಲೇ ನುಸುಳಿದ್ದಾನೆ, ನುಸುಳುವಾಗ ಆ ಬಿರುಕನ್ನು ನಮಗೂ ತೋರಿಸಿದ್ದಾನೆ. ಅದೃಶ್ಯವನ್ನು ಮಂತ್ರವಾಗಿ, ಅಂಕವಾಗಿ ಹಂಚುವ ನಿಯಮ ಒಂದು ಪ್ರಶ್ನೆಯನ್ನು ಕೇಳದೆ ತಪ್ಪಿಸಿಕೊಳ್ಳುತ್ತದೆ: ಯಾರು ಯಾರನ್ನು ನೋಡುವುದಿಲ್ಲ, ಏಕೆ? ಆ ಪ್ರಶ್ನೆ ಕೇಳಬಲ್ಲ ಏಕೈಕ ಪಾತ್ರವನ್ನು ನಾವು ಇನ್ನೊಬ್ಬ ಕೊಲೆಗಾರನನ್ನಾಗಿ ಮಾಡಿ ಕೂರಿಸಿದ್ದೇವೆ.

ಬರೀ ಬೈದರೆ ಆಗದು, ಬದಲಿ ಏನು ಎಂದು ಹೇಳಬೇಕು. ಕಳ್ಳನಿಗೆ ಸಬ್‌ಕ್ಲಾಸಿನ ಸವಲತ್ತು ಸಿಗುವುದು 3, 9, 13 ಮತ್ತು 17ನೇ ಹಂತಗಳಲ್ಲಿ. ನನ್ನ ಸಬ್‌ಕ್ಲಾಸಿಗೆ ಶರ್ವಿಲಕನ ಹೆಸರನ್ನೇ ಇಡುತ್ತೇನೆ.

3ನೇ ಹಂತದಲ್ಲಿ ‘ಕಣ್ಣಳತೆ’. ಒಂದು ಜಾಗವನ್ನು ಹತ್ತು ನಿಮಿಷ ಗಮನಿಸಿದ ಕಳ್ಳ ಡಂಜನ್ ಮಾಸ್ಟರಿಗೆ ಮೂರು ಪ್ರಶ್ನೆ ಕೇಳಬಹುದು. ಇಲ್ಲಿ ಯಾರು ಯಾವ ಕಡೆ ನೋಡುತ್ತಿಲ್ಲ? ಇಲ್ಲಿ ಯಾವ ಸದ್ದಿಗೆ ಯಾರೂ ತಿರುಗುವುದಿಲ್ಲ? ಇಲ್ಲಿ ಯಾರನ್ನು ತಡೆದು ಕೇಳುವುದಿಲ್ಲ? ಉತ್ತರ ನಿಜವಿರಬೇಕು. ಆ ಉತ್ತರವನ್ನು ಬಳಸಿಕೊಂಡು ನಡೆಯುವಷ್ಟು ಹೊತ್ತು ದಾಳ ಬೇಡ. ಉತ್ತರದ ಆಚೆಗೆ ಕಾಲಿಟ್ಟಾಗ ಮಾತ್ರ ದಾಳ.

9ನೇ ಹಂತದಲ್ಲಿ ‘ಒಂದೇ ಹೆಜ್ಜೆ’. ಈಗಿನ ಆಟದಲ್ಲಿ ಕಳ್ಳ ಒಳಗೆ ಹೋದರೆ ಉಳಿದ ನಾಲ್ವರು ಅರ್ಧ ಗಂಟೆ ಮೊಬೈಲು ನೋಡುತ್ತಾರೆ. ಭಾರೀ ಕವಚ ತೊಟ್ಟ ಯೋಧ ಎರಡು ದಾಳ ಹಾಕಿ ಕಡಿಮೆಯದನ್ನು ತೆಗೆದುಕೊಳ್ಳಬೇಕಾದ್ದರಿಂದ ಅವನನ್ನು ಕರೆದೊಯ್ಯುವುದೇ ಮೂರ್ಖತನ. ತಂಡದಲ್ಲಿ ಅರ್ಧದಷ್ಟು ಜನ ಗೆದ್ದರೆ ಎಲ್ಲರೂ ಗೆದ್ದಂತೆ ಎಂಬ ನಿಯಮ 2014ರ ಪುಸ್ತಕದಲ್ಲಿದೆ ನಿಜ. ಆದರೆ ಅಲ್ಲಿ ಕಳ್ಳನ ನೈಪುಣ್ಯಕ್ಕೂ ಒಂದೇ ವೋಟು. ನನ್ನ ನಿಯಮದಲ್ಲಿ, ತಾನು ಓದಿದ ಜಾಗದೊಳಗೆ ಕಳ್ಳ ಜೊತೆಯವರನ್ನು ನಡೆಸಬಹುದು, ಎಲ್ಲರ ಪರವಾಗಿ ಅವನದೊಂದೇ ದಾಳ. ಷರತ್ತು ಒಂದು: ಪ್ರತಿಯೊಬ್ಬರಿಗೂ ಅವನು ಒಂದೊಂದು ಕೆಲಸ ಹಚ್ಚಬೇಕು. ಒಬ್ಬ ಸೌದೆ ಹೊರೆ ಹೊರಲಿ, ಒಬ್ಬಳು ಅಡುಗೆಮನೆಯಲ್ಲಿ ಜಗಳ ತೆಗೆಯಲಿ.

13ನೇ ಹಂತದಲ್ಲಿ ‘ಬೆಕ್ಕಿರಬೇಕು’. ದಾಳ ಸೋತ ಮಾತ್ರಕ್ಕೆ ಗಂಟೆ ಬಾರಿಸುವುದಿಲ್ಲ. ಸಂಶಯಕ್ಕೆ ಮೂರು ಮೆಟ್ಟಿಲು: ಸದ್ದು ಕೇಳಿಸಿತು, ನೋಡಲು ಬಂದ, ಕೂಗಿದ. ಒಂದೊಂದು ಮೆಟ್ಟಿಲಿನಲ್ಲೂ ಕಳ್ಳನಿಗೆ ಒಂದು ಉಪಾಯ ಹೂಡುವ ಅವಕಾಶ. ಇದು ನನ್ನ ಕನಸೇನಲ್ಲ. ಜಾನ್ ಹಾರ್ಪರನ ‘ಬ್ಲೇಡ್ಸ್ ಇನ್ ದ ಡಾರ್ಕ್’ ಎಂಬ 2017ರ ಆಟದಲ್ಲಿ ಅಪಾಯವನ್ನು ಗಡಿಯಾರದಂತೆ ತುಂಡು ತುಂಡಾಗಿ ತುಂಬುವ ವ್ಯವಸ್ಥೆ ಇದೆ. ಅರ್ಧ ಗೆಲುವಿಗೂ ಅಲ್ಲಿ ಜಾಗವಿದೆ.

17ನೇ ಹಂತದಲ್ಲಿ ‘ಬಂದೇ ಇರಲಿಲ್ಲ’. ಓದಿದ ಜಾಗದಿಂದ ಕದ್ದದ್ದು ಕಳುವಾಗಿದೆ ಎಂದು ಏಳು ದಿನದವರೆಗೆ ಯಾರಿಗೂ ತಿಳಿಯುವುದಿಲ್ಲ, ಕಳ್ಳನೇ ಬಯಸಿದರೆ ಹೊರತು. ನಾಲ್ಕೂ ಸವಲತ್ತುಗಳಲ್ಲಿ ಏಟಿನ ಲೆಕ್ಕ ಒಂದೂ ಇಲ್ಲ.

ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು, ಯುದ್ಧವೇ ಮುಖ್ಯವಾದ ಆಟದಲ್ಲಿ ಏಟಿಲ್ಲದ ಸಬ್‌ಕ್ಲಾಸನ್ನು ಯಾರು ಆಡುತ್ತಾರೆ ಎಂಬುದು. ಕಳ್ಳನ ಮೂಲ ಕ್ಲಾಸಿನಲ್ಲೇ ಮರೆಯೇಟಿಗೆ ಮೊದಲ ಹಂತದಲ್ಲಿ ಒಂದು ಆರು ಮುಖದ ದಾಳ, 19ನೇ ಹಂತಕ್ಕೆ ಹತ್ತು ದಾಳ ಸಿಗುತ್ತವೆ. ಯುದ್ಧದ ಕೂಲಿ ಆಗಲೇ ಸಂದಾಯವಾಗಿದೆ. ಸಬ್‌ಕ್ಲಾಸಿನಲ್ಲೂ ಅದನ್ನೇ ಕೊಡುವುದು ಊಟದ ನಂತರ ಇನ್ನೊಂದು ಊಟ ಬಡಿಸಿದಂತೆ.

ಎರಡನೆಯದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಅಂಕಗಳು ಆಟಗಾರರನ್ನು ಡಂಜನ್ ಮಾಸ್ಟರ್‌ನ ಮರ್ಜಿಯಿಂದ ಕಾಪಾಡುತ್ತವೆ. ಎಲ್ಲವನ್ನೂ ಮಾತುಕತೆಗೆ ಬಿಟ್ಟರೆ ಮಾತು ಬಲ್ಲವನು ಗೆಲ್ಲುತ್ತಾನೆ, ನಾಚಿಕೆಯವಳು ಸೋಲುತ್ತಾಳೆ. ಇದು ನಿಜ. 1974ಕ್ಕೆ ಮರಳೋಣ ಎಂದು ನಾನು ಹೇಳದಿರುವುದು ಇದಕ್ಕಾಗಿಯೇ. ನಿಯಮ ಬೇಕು, ಅದು ಸ್ಪಷ್ಟವಾಗಿಯೂ ಇರಬೇಕು. ಆದರೆ 15 ಎಂಬ ಅಂಕ ಮಾತ್ರ ಸ್ಪಷ್ಟತೆಯಲ್ಲ. ಮೂರು ಪ್ರಶ್ನೆಗೆ ನಿಜ ಹೇಳಲೇಬೇಕು ಎಂಬುದು ಅಂಕಕ್ಕಿಂತ ಬಿಗಿಯಾದ ಕಟ್ಟು. ಅದು ಡಂಜನ್ ಮಾಸ್ಟರನ ಕೈ ಕಟ್ಟುತ್ತದೆ, ನಾಚಿಕೆಯವಳ ಬಾಯಿಗೆ ಸಿದ್ಧ ಪ್ರಶ್ನೆ ಕೊಡುತ್ತದೆ.

ಮೂರನೆಯದು, ಇದೆಲ್ಲ ಬರೀ ಆಟ ತಾನೆ ಎಂಬ ಮಾತು. ಬರೀ ಕಥೆ ತಾನೆ ಎನ್ನುವವರಿಗೆ ನೀವು ಏನು ಉತ್ತರ ಕೊಡುತ್ತೀರೋ ಅದನ್ನೇ ಇಲ್ಲಿಯೂ ಇಟ್ಟುಕೊಳ್ಳಿ.

ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವವನು ಎಂದು ನಮ್ಮಲ್ಲಿ ಹೇಳುವುದುಂಟು. ಆ ಗಾದೆಯಲ್ಲಿ ಮೆಚ್ಚುಗೆ ಇರುವುದು ಅವನ ಬುದ್ಧಿಗೆ. ಮಾಯವಾಗುವವನಿಗೆ ಚಾಪೆಯೂ ಬೇಡ, ರಂಗೋಲಿಯೂ ಬೇಡ, ಆದ್ದರಿಂದ ಅವನ ಮೇಲೆ ಗಾದೆಯೂ ಹುಟ್ಟಿಲ್ಲ. ನೀವು ಈ ವಾರ ಒಬ್ಬ ಅಡಗುವ ಕಳ್ಳನನ್ನು ಬರೆಯಲು ಕೂತಿದ್ದರೆ ಒಂದು ಸಣ್ಣ ಕೆಲಸ ಮಾಡಿ. ಬರೆದ ಹಾಳೆಯಲ್ಲಿ ‘ಮಾಯವಾಗು’, ‘ಹೊಡೆ’ ಎಷ್ಟಿವೆ, ‘ನೋಡು’, ‘ಕೇಳು’, ‘ಕಾಯು’ ಎಷ್ಟಿವೆ ಎಣಿಸಿ. ಮೊದಲಿನವೇ ಹೆಚ್ಚಿದ್ದರೆ ನೀವು ಬರೆದಿರುವುದು ಕಳ್ಳನನ್ನಲ್ಲ. ಹಾಳೆ ಹರಿದು ಇನ್ನೊಮ್ಮೆ ಬರೆಯಿರಿ.